ಎಲೆ ಬೆಳ್ಳಗಾಗಲಿಲ್ಲ, ಚಿತ್ರವೆಲ್ಲ ಕೆಂಪಾಯಿತು: ಇನ್‌ಫ್ರಾರೆಡ್ ಛಾಯಾಗ್ರಹಣ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಚಿಂತಾಮಣಿ ಕಡೆಯವನು. ಕೆಲವು ವರ್ಷ ಹಳೆಯದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆಯಲ್ಲೇ ಬಂದ 18-55 ಲೆನ್ಸ್ ನನ್ನ ಬಳಿ ಇವೆ. ಬೆಳ್ಳನೆಯ ಎಲೆ, ನೀಲಿ ಆಕಾಶದ ಇನ್‌ಫ್ರಾರೆಡ್ ಚಿತ್ರಗಳನ್ನು ನೋಡಿ ಆಸೆಪಟ್ಟು 720 ನ್ಯಾನೋಮೀಟರ್ ಫಿಲ್ಟರ್ ತರಿಸಿದೆ. ನಂದಿ ಬೆಟ್ಟದಲ್ಲಿ ಬೆಳಿಗ್ಗೆ ತೆಗೆದ ಚಿತ್ರಗಳೆಲ್ಲ ಕಡುಗೆಂಪಾಗಿ, ಮಸುಕಾಗಿ ಬಂದಿವೆ. ನಡುವೆ ಒಂದು ಬಿಳಿ ಮಚ್ಚೆ ಬೇರೆ. ಇನ್‌ಫ್ರಾರೆಡ್ ಮಂಜನ್ನು ಭೇದಿಸುತ್ತದೆ ಎಂದು ಎಲ್ಲೋ ಓದಿದ್ದೆ, ಅದೂ ಆಗಲಿಲ್ಲ. ಫಿಲ್ಟರ್ ಕಳಪೆಯೋ, ಕ್ಯಾಮೆರಾವೇ ಒಗ್ಗದೋ? ಕ್ಯಾಮೆರಾ ಬಿಚ್ಚಿಸಿ ಇನ್‌ಫ್ರಾರೆಡ್‌ಗೆ ಬದಲಾಯಿಸಿಕೊಳ್ಳಲೇ? ಅಥವಾ ಮೊಬೈಲ್ ಆ್ಯಪ್ ಸಾಕೇ?

ಉತ್ತರ: ನಿಮ್ಮ ನಾಲ್ಕು ದೂರುಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಎಲ್ಲವನ್ನೂ ಫಿಲ್ಟರಿನ ತಲೆಗೆ ಕಟ್ಟಬೇಡಿ. ಕೆಂಪು ಬಣ್ಣ ದೋಷವೇ ಅಲ್ಲ, ಅದು ಸಂಸ್ಕರಣೆಗೆ ಕಾದಿರುವ ಕಚ್ಚಾ ಚಿತ್ರ. ಮಸುಕು ಫೋಕಸ್‌ಗೆ ಸೇರಿದ್ದು. ಮಚ್ಚೆ ಲೆನ್ಸಿನದಿರಬಹುದು, ಕಣ್ಣಿಡುವ ಕಿಂಡಿಯಾದ ವ್ಯೂಫೈಂಡರಿನದೂ ಇರಬಹುದು. ಮಂಜಿನ ವಿಷಯದಲ್ಲಿ ಮಾತ್ರ ನೀವು ಓದಿದ್ದೇ ತಪ್ಪು. ಕ್ಯಾಮೆರಾ ಬಿಚ್ಚಿಸುವ ಮಾತು ಸದ್ಯಕ್ಕೆ ಬೇಡ. ಕೈಯಲ್ಲಿರುವ ಸಾಮಗ್ರಿಯಿಂದಲೇ ಒಂದು ಒಳ್ಳೆಯ ಚಿತ್ರ ಬರುವ ತನಕ ಇನ್ನೊಂದು ರೂಪಾಯಿ ಖರ್ಚು ಮಾಡಬೇಡಿ ಎಂದೇ ನಾನು ಹೇಳುವುದು. ಇನ್‌ಫ್ರಾರೆಡ್ ಚಿತ್ರದ ಬಹುಪಾಲು ಬಿಸಿಲಿನಲ್ಲೂ ವಸ್ತುವಿನ ಆಯ್ಕೆಯಲ್ಲೂ ನಿರ್ಧಾರವಾಗಿಬಿಡುತ್ತದೆ, ಉಪಕರಣದ ಪಾಲು ಆಮೇಲಿನದು.

ಮೊದಲು ಕ್ಯಾಮೆರಾದೊಳಗೆ ಏನಾಗುತ್ತಿದೆ ಎಂಬುದನ್ನು ನೋಡೋಣ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಕಾಣುತ್ತದೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸಿಲಿಕಾನ್ ಸೆನ್ಸರ್ 1000 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳಿಗೂ ಸ್ಪಂದಿಸುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಸಾಮಾನ್ಯ ಚಿತ್ರಗಳ ಬಣ್ಣ ಕೆಡುತ್ತದೆ. 2006ರಲ್ಲಿ ಬಂದ ಲೈಕಾ ಎಂ8ನಲ್ಲಿ ಈ ತಡೆ ದುರ್ಬಲವಾಗಿದ್ದ ಕಾರಣ ಕೆಲವು ಕಪ್ಪು ಬಟ್ಟೆಗಳು ನೇರಳೆಯಾಗಿ ಮೂಡುತ್ತಿದ್ದವು. ಈ ತೊಂದರೆ ಬೇಡವೆಂದೇ ತಯಾರಕರು ಸೆನ್ಸರಿನ ಮುಂದೆ ಅವಕೆಂಪನ್ನು ತಡೆಯುವ ತೆಳು ಗಾಜೊಂದನ್ನು ಕೂರಿಸುತ್ತಾರೆ. ನೀವು ತರಿಸಿದ ಫಿಲ್ಟರ್ ಸುಮಾರು 720ಕ್ಕಿಂತ ಕೆಳಗಿನ, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಬಿಡುತ್ತದೆ, ಒಳಗಿನ ಗಾಜು ಆ ಅವಕೆಂಪನ್ನೇ ತಡೆಯುತ್ತದೆ. ಹೊರಬಾಗಿಲು ತೆರೆದು ಒಳಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಸಂದಿಯಲ್ಲಿ ನುಸುಳಿದ ಅಷ್ಟಿಷ್ಟು ಬೆಳಕಿನಲ್ಲೇ ನಿಮ್ಮ ಚಿತ್ರ ಮೂಡಬೇಕು.

ಎಷ್ಟು ನುಸುಳುತ್ತದೆ ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. 2004ರ ನಿಕಾನ್ ಡಿ70ಯಂಥ ಹಳೆಯ ಮಾದರಿಗಳು ಧಾರಾಳವಾಗಿ ಬಿಡುತ್ತಿದ್ದವು, ಅನಂತರ ಬಂದವುಗಳಲ್ಲಿ ಹೆಚ್ಚಿನವು ಬಲು ಬಿಗಿ. ನಿಮ್ಮದು ಯಾವ ಜಾತಿಯದೆಂದು ತಿಳಿಯಲು ಕತ್ತಲೆ ಕೋಣೆಯಲ್ಲಿ ಟಿವಿ ರಿಮೋಟನ್ನು ಲೆನ್ಸಿನ ಕಡೆ ತಿರುಗಿಸಿ, ಗುಂಡಿ ಒತ್ತಿ ಹಿಡಿದು, ಫಿಲ್ಟರ್ ಇಲ್ಲದೆ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್ ಕೊಟ್ಟು ನೋಡಿ. ರಿಮೋಟಿನ ತುದಿಯ ದೀಪ ಚೆನ್ನಾಗಿ ಬೆಳಗಿದರೆ ಒಳಗಿನ ತಡೆ ಸಡಿಲವಿದೆ, ಬರಿಯ ಚುಕ್ಕೆಯಾಗಿ ಕಂಡರೆ ಬಿಗಿಯಾಗಿದೆ. ರಿಮೋಟಿನ ಕಿರಣ ಸಾಮಾನ್ಯವಾಗಿ 940 ನ್ಯಾನೋಮೀಟರ್ ಸುತ್ತಮುತ್ತಲಿನದು, ನಿಮಗೆ ಬೇಕಾದದ್ದು 720ರ ಸುತ್ತಿನದು. ಆದ್ದರಿಂದ ಇದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ನಿಜವಾದ ಪರೀಕ್ಷೆ ನಡುಹಗಲ ಬಿಸಿಲಿನಲ್ಲಿರುವ ಒಂದು ಹೊಂಗೆ ಮರ.

ನಡುಹಗಲು ಎಂದದ್ದು ಬೇಕೆಂದೇ. ನಸುಕಿನಲ್ಲಿ ಎದ್ದು ಬೆಟ್ಟ ಹತ್ತುವುದು, ಇಳಿಬಿಸಿಲಿಗಾಗಿ ಕಾಯುವುದು ಸಾಮಾನ್ಯ ಭೂದೃಶ್ಯ ಛಾಯಾಗ್ರಹಣದ ಅಭ್ಯಾಸ. ಇನ್‌ಫ್ರಾರೆಡ್‌ಗೆ ಬೇಕಾದದ್ದು ಎಲೆಯ ಮೇಲೆ ನೇರವಾಗಿ ಬೀಳುವ ಗಟ್ಟಿ ಬಿಸಿಲು. ಉಳಿದವರು ಕ್ಯಾಮೆರಾ ಚೀಲಕ್ಕೆ ಹಾಕಿ ಊಟಕ್ಕೆ ಹೊರಡುವ ಹನ್ನೊಂದರಿಂದ ಮೂರರವರೆಗಿನ ಹೊತ್ತೇ ನಿಮ್ಮದು. ಬಿರುಬಿಸಿಲಿನಲ್ಲಿ ಐಎಸ್‌ಒ 200, ಎಫ್/8ಕ್ಕೆ ಫಿಲ್ಟರ್ ಇಲ್ಲದೆ 1/800 ಸೆಕೆಂಡ್ ಸಾಕಾಗುವ ದೃಶ್ಯಕ್ಕೆ ಫಿಲ್ಟರ್ ಹಾಕಿದ ಮೇಲೆ ಕೆಲವು ಸೆಕೆಂಡುಗಳಿಂದ ಹಿಡಿದು ಅರ್ಧ ನಿಮಿಷದವರೆಗೂ ಬೇಕಾಗಬಹುದು. ನಂದಿಯ ಮಂಜು ಮುಸುಕಿದ ಮುಂಜಾನೆಯಲ್ಲಿ ಅದು ಇನ್ನೆಷ್ಟೋ ಪಟ್ಟು ಹೆಚ್ಚುತ್ತದೆ. ನಿಮ್ಮ ಚಿತ್ರಗಳು ಕಡುಗೆಂಪಾಗಿದ್ದವು ಎಂದಿರಿ. ಅಲ್ಲಿ ಬೆಳಕೇ ಸಾಲದೆ ಹೋಗಿರುವ ಸಂಭವ ಹೆಚ್ಚು. ಕ್ಯಾಮೆರಾದ ಮೀಟರನ್ನು ನಂಬಬೇಡಿ, ಅದು ಕಾಣುವ ಬೆಳಕಿಗೆ ಹೊಂದಿಸಿದ್ದು. ಮ್ಯಾನುವಲ್ ಇಟ್ಟು 5, 10, 20 ಸೆಕೆಂಡ್ ಹೀಗೆ ದ್ವಿಗುಣಿಸುತ್ತಾ ತೆಗೆಯಿರಿ. ಚಿತ್ರದ ಕತ್ತಲು ಬೆಳಕಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ನೋಡುವಾಗ ಮೂರೂ ಬಣ್ಣ ಬೇರೆ ಬೇರೆಯಾಗಿ ಕಾಣುವ ಬಗೆಯನ್ನು ಆರಿಸಿಕೊಳ್ಳಿ. 720ರಲ್ಲಿ ಮೊದಲು ತುಂಬಿ ತುಳುಕುವುದು ಕೆಂಪು. ಒಟ್ಟು ಬೆಳಕಿನ ಹಿಸ್ಟೋಗ್ರಾಂ ಇನ್ನೂ ಎಡಕ್ಕಿರುವಾಗಲೇ ಕೆಂಪು ಚಾನೆಲ್ ಬಲಗೋಡೆಗೆ ಬಡಿದಿರುತ್ತದೆ, ಎಲೆಗಳ ಗೆರೆಗಳೆಲ್ಲ ಅಲ್ಲೇ ಅಳಿಸಿಹೋಗುತ್ತವೆ.

ಈಗ ಮಸುಕಿನ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೊಸಬರು ಕೈಚೆಲ್ಲುವುದು ಇಲ್ಲೇ. ಸಾಮಾನ್ಯ ಲೆನ್ಸನ್ನು ಕಾಣುವ ಬೆಳಕಿಗೆ ತಿದ್ದಿರುತ್ತಾರೆ. ಅವಕೆಂಪು ಕಿರಣಗಳು ಅದರಲ್ಲಿ ತುಸು ಹಿಂದೆ ಹೋಗಿ, ಸೆನ್ಸರಿನ ಆಚೆಗೆ ಕೂಡುತ್ತವೆ. ಕಣ್ಣಿಗೆ ಸ್ಪಷ್ಟವಾಗಿದ್ದ ಬೆಟ್ಟ ಚಿತ್ರದಲ್ಲಿ ಮಂದವಾಗುವುದು ಇದರಿಂದ. ಹಳೆಯ ಮ್ಯಾನುವಲ್ ಲೆನ್ಸ್‌ಗಳ ಮೇಲೆ ಫೋಕಸ್ ಗುರುತಿನ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಅಥವಾ ಗೆರೆ ಇರುತ್ತಿತ್ತು. ಸಾಮಾನ್ಯ ಫೋಕಸ್ ಮಾಡಿದ ಮೇಲೆ ಆ ದೂರವನ್ನು ಕೆಂಪು ಗುರುತಿಗೆ ಸರಿಸಬೇಕಿತ್ತು. ನಿಮ್ಮ 18-55ರಲ್ಲಿ ಆ ಗುರುತಿಲ್ಲ. ಆದರೆ ತತ್ವ ಅದೇ: ದೂರದ ಬೆಟ್ಟಕ್ಕೆ ಫೋಕಸ್ ಮಾಡಿ, ರಿಂಗನ್ನು ಹತ್ತಿರದ ದೂರದ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ. ಎಷ್ಟು ಎಂಬುದನ್ನು ನಿಮ್ಮ ಲೆನ್ಸಿನ ಮೇಲೆ ನೀವೇ ಕಂಡುಕೊಳ್ಳಬೇಕು. ಒಂದೇ ದೃಶ್ಯವನ್ನು ರಿಂಗ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಕೆಲವು ಸಲ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಅತ್ಯಂತ ಸ್ಪಷ್ಟವಾಗಿ ಬಂದ ಜಾಗಕ್ಕೆ ರಿಂಗಿನ ಮೇಲೊಂದು ಬಣ್ಣದ ಚುಕ್ಕೆ ಇಟ್ಟುಬಿಡಿ. 18 ಎಂಎಂನಲ್ಲಿ ಎಫ್/8 ಇಟ್ಟರೆ ಸಣ್ಣಪುಟ್ಟ ವ್ಯತ್ಯಾಸ ಮುಚ್ಚಿಹೋಗುತ್ತದೆ, 55 ಎಂಎಂನಲ್ಲಿ ಮುಚ್ಚುವುದಿಲ್ಲ. ಹಾಗೆಂದು ಎಫ್/16ಕ್ಕೆ ಹೋಗಬೇಡಿ. ತರಂಗಾಂತರ ದೊಡ್ಡದಾದಷ್ಟೂ ವಿವರ್ತನೆ, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದು ಹೆಚ್ಚು, ಚಿತ್ರ ಮತ್ತೆ ಮಂದವಾಗುತ್ತದೆ.

ಕಿಟ್ ಲೆನ್ಸ್ ಇಟ್ಟುಕೊಂಡವರು ಗಮನಿಸದ ಇನ್ನೊಂದು ಸಂಗತಿಯಿದೆ. ಹಳೆಯ ಮಾದರಿಯ 18-55 ಲೆನ್ಸ್‌ಗಳಲ್ಲಿ ಫೋಕಸ್ ಬದಲಾದಾಗ ಲೆನ್ಸಿನ ಮುಂಭಾಗವೇ ತಿರುಗುತ್ತದೆ, ಫಿಲ್ಟರ್ ಕೂರುವ ತಿರುಪಿನ ಮರೆಯೂ ಅಲ್ಲೇ ಇರುತ್ತದೆ. ನೀವು ಫೋಕಸ್ ಮಾಡಿ, ಮ್ಯಾನುವಲ್‌ಗೆ ಬದಲಿಸಿ, ಆಮೇಲೆ ಫಿಲ್ಟರನ್ನು ಬಿಗಿಯಾಗಿ ತಿರುಗಿಸಿ ಕೂರಿಸುವಷ್ಟರಲ್ಲಿ ಮಾಡಿದ ಫೋಕಸ್ ಹಾಳಾಗಿರುತ್ತದೆ. ಎಡಗೈಯ ಎರಡು ಬೆರಳಿನಲ್ಲಿ ಮುಂದಿನ ರಿಂಗನ್ನು ಅಲುಗದಂತೆ ಹಿಡಿದು, ಬಲಗೈಯಿಂದ ಫಿಲ್ಟರನ್ನು ಒಂದೆರಡು ಸುತ್ತು ಮಾತ್ರ ಹಗುರವಾಗಿ ಕೂರಿಸಿ. ಬೇಕಿದ್ದರೆ ರಿಂಗಿಗೆ ಕಾಗದದ ಟೇಪ್ ಅಂಟಿಸಿಕೊಳ್ಳಿ. ಇದಕ್ಕಿಂತ ಮೇಲಾದ ದಾರಿಯೂ ಇದೆ. ಫಿಲ್ಟರ್ ಹಾಕಿದ ಮೇಲೆಯೇ, ದೃಶ್ಯವನ್ನು ಹಿಂದಿನ ಪರದೆಯಲ್ಲಿ ತೋರಿಸುವ ಲೈವ್ ವ್ಯೂ ತೆರೆದು, ಐಎಸ್‌ಒ ಏರಿಸಿ, ಅಪರ್ಚರ್ ಪೂರ್ತಿ ತೆರೆದು, ಬಿಸಿಲಿನಲ್ಲಿರುವ ಮರದ ಅಂಚನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಎಷ್ಟೋ ಕ್ಯಾಮೆರಾಗಳಲ್ಲಿ ಫೋಕಸ್‌ಗೆ ಸಾಕಾಗುವಷ್ಟು ಕೆಂಪು ಚಿತ್ರ ಕಾಣುತ್ತದೆ. ಹಾಗೆ ಮಾಡಿದ ಫೋಕಸ್ ಅವಕೆಂಪಿನದೇ ಆದ್ದರಿಂದ ತಿದ್ದುವ ಪ್ರಮೇಯವೇ ಬರುವುದಿಲ್ಲ.

ಬಿಳಿ ಮಚ್ಚೆಗೆ ಬರೋಣ. ಅದು ಸರಿಯಾಗಿ ನಡುವೆ, ದುಂಡಾಗಿ, ಅಂಚು ಕರಗಿದಂತೆ ಇದ್ದರೆ ಲೆನ್ಸಿನ ಹಾಟ್‌ಸ್ಪಾಟ್. ಲೆನ್ಸಿನ ಗಾಜುಗಳ ಲೇಪ, ಒಳಗೋಡೆಯ ಕಪ್ಪು ಬಣ್ಣ ಇವೆಲ್ಲ ಕಾಣುವ ಬೆಳಕಿಗಾಗಿ ಮಾಡಿದವು. ಅವಕೆಂಪು ಅವುಗಳಲ್ಲಿ ಒಳಗೊಳಗೇ ಪ್ರತಿಫಲಿಸಿ ನಡುವೆ ಜಮೆಯಾಗುತ್ತದೆ. ಅಪರ್ಚರ್ ಕಿರಿದಾದಷ್ಟೂ ಮಚ್ಚೆ ಚಿಕ್ಕದಾಗಿ, ಗಟ್ಟಿಯಾಗಿ ಎದ್ದು ಕಾಣುತ್ತದೆ. ಎಫ್/5.6ರಲ್ಲಿ ತೆಗೆದು ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಲೆನ್ಸಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ದುಬಾರಿ ಲೆನ್ಸ್ ಮಚ್ಚೆ ತೋರಿಸುವ ಕಡೆ ಅಗ್ಗದ ಕಿಟ್ ಲೆನ್ಸ್ ಶುದ್ಧವಾಗಿ ಬರುವುದುಂಟು.

ಮಚ್ಚೆ ನಡುವಿನಿಂದ ಸರಿದಿದ್ದರೆ, ಪಟ್ಟೆಯಂತಿದ್ದರೆ, ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದಾಗ ಮಾತ್ರ ಬರುತ್ತಿದ್ದರೆ ಕಾರಣ ಬೇರೆ. ನೀವು ಕಣ್ಣಿಡುವ ಕಿಂಡಿಯಿಂದ ಬಿಸಿಲು ಒಳಹೊಕ್ಕು ಸೆನ್ಸರ್ ತಲುಪುತ್ತಿದೆ. 1/800 ಸೆಕೆಂಡಿನಲ್ಲಿ ಲೆಕ್ಕಕ್ಕೇ ಬಾರದ ಆ ಸೋರಿಕೆ 20 ಸೆಕೆಂಡಿನಲ್ಲಿ ಚಿತ್ರವನ್ನೇ ಕೆಡಿಸುತ್ತದೆ. ಖಾತ್ರಿ ಮಾಡಿಕೊಳ್ಳುವುದು ಸುಲಭ. ಲೆನ್ಸಿಗೆ ಮುಚ್ಚಳ ಹಾಕಿ, ಕ್ಯಾಮೆರಾದ ಬೆನ್ನಿಗೆ ಬಿಸಿಲು ಬೀಳುವಂತೆ ಇಟ್ಟು 30 ಸೆಕೆಂಡ್ ಎಕ್ಸ್‌ಪೋಷರ್ ಕೊಡಿ. ಚಿತ್ರ ಪೂರ್ತಿ ಕಪ್ಪಾಗಿ ಬರದಿದ್ದರೆ ಕಳ್ಳ ಸಿಕ್ಕಿಬಿದ್ದ. ಕೆಲವು ಕ್ಯಾಮೆರಾಗಳ ಕುತ್ತಿಗೆ ಪಟ್ಟಿಯಲ್ಲೇ ಕಿಂಡಿ ಮುಚ್ಚುವ ಸಣ್ಣ ರಬ್ಬರ್ ಮುಚ್ಚಳ ಪೋಣಿಸಿರುತ್ತಾರೆ, ಅದು ಇರುವುದೇ ಇಂಥ ಕೆಲಸಕ್ಕೆ. ಇಲ್ಲವಾದರೆ ಕಪ್ಪು ಟೇಪ್ ಸಾಕು.

ಇನ್ನು ಕೆಂಪು ಬಣ್ಣ. ಚಿತ್ರವನ್ನು ರಾ ರೂಪದಲ್ಲೇ, ಅಂದರೆ ಸೆನ್ಸರ್ ದಾಖಲಿಸಿದ ಕಚ್ಚಾ ಕಡತವಾಗಿಯೇ ತೆಗೆಯಿರಿ, ಜೆಪೆಗ್‌ನಲ್ಲಿ ತೆಗೆದರೆ ಮುಂದಿನ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ. ಬಿಸಿಲಿನಲ್ಲಿರುವ ಹಸಿರು ಗರಿಕೆಯ ಮೇಲೆ, ಚೌಕಟ್ಟಿನ ತುಂಬ ಹುಲ್ಲೇ ಇರುವಂತೆ, ಫಿಲ್ಟರ್ ಹಾಕಿಕೊಂಡೇ ಒಂದು ಚಿತ್ರ ತೆಗೆದು ಅದನ್ನು ಕಸ್ಟಮ್ ವೈಟ್ ಬ್ಯಾಲೆನ್ಸ್ ಎಂದು ಕ್ಯಾಮೆರಾಕ್ಕೆ ಒಪ್ಪಿಸಿ. ಹುಲ್ಲೇ ಬಿಳಿ ಎಂದು ಕ್ಯಾಮೆರಾ ಒಪ್ಪಿಕೊಂಡ ಕ್ಷಣವೇ ಕೆಂಪು ಮುಸುಕು ಸರಿದು, ಎಲೆಗಳು ತಿಳಿಯಾಗಿ, ಆಕಾಶ ತಾಮ್ರದ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂಪ್ಯೂಟರಿನಲ್ಲಿ ಲೈಟ್‌ರೂಮ್ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶ ಬಳಸುವವರಿಗೆ ಇಲ್ಲೊಂದು ತೊಡಕಿದೆ. ಅದರ ವೈಟ್ ಬ್ಯಾಲೆನ್ಸ್ 2000 ಕೆಲ್ವಿನ್‌ಗಿಂತ ಕೆಳಗೆ ಇಳಿಯುವುದಿಲ್ಲ, ಇನ್‌ಫ್ರಾರೆಡ್‌ಗೆ ಅದು ಸಾಲದು, ಬೇರೆ ಕ್ಯಾಮೆರಾ ಪ್ರೊಫೈಲ್ ತಯಾರಿಸಿಕೊಳ್ಳಬೇಕು. ಕ್ಯಾಮೆರಾ ತಯಾರಕರೇ ಉಚಿತವಾಗಿ ಕೊಡುವ ತಂತ್ರಾಂಶದಲ್ಲಿ ಆರಂಭಿಸುವುದು ಸುಲಭ. ರಾಥೆರಪಿ, ಡಾರ್ಕ್‌ಟೇಬಲ್, ಗಿಂಪ್ ಕೂಡ ಉಚಿತ, ಮುಂದಿನ ಹಂತಕ್ಕೆ ಅವು ಧಾರಾಳವಾಗಿ ಸಾಕು.

ನೀವು ನೋಡಿ ಮರುಳಾದ ನೀಲಿ ಆಕಾಶ ಬರುವುದು ತಂತ್ರಾಂಶದಲ್ಲಿ ಮೂರು ಬಣ್ಣಗಳ ಪಾಲನ್ನು ಅದಲುಬದಲು ಮಾಡುವ ಚಾನೆಲ್ ಮಿಕ್ಸರ್‌ನಿಂದ. ಕೆಂಪು ಚಾನೆಲಿನಲ್ಲಿ ಕೆಂಪನ್ನು 0ಗೆ ಇಳಿಸಿ ನೀಲಿಯನ್ನು 100ಕ್ಕೆ ಏರಿಸಿ, ನೀಲಿ ಚಾನೆಲಿನಲ್ಲಿ ಇದರ ತದ್ವಿರುದ್ಧ ಮಾಡಿ. ಕಂದು ಆಕಾಶ ನೀಲಿಯಾಗುತ್ತದೆ. ಆ ನೀಲಿ ಆಕಾಶದ ನೀಲಿಯಲ್ಲ, ನಾವೇ ಬಳಿದದ್ದು. ಸೆನ್ಸರಿನ ಕೆಂಪು, ಹಸಿರು, ನೀಲಿ ಚುಕ್ಕೆಗಳು 720ರ ಆಸುಪಾಸಿನಲ್ಲಿ ಅವಕೆಂಪನ್ನು ಬೇರೆ ಬೇರೆ ಪ್ರಮಾಣದಲ್ಲಿ ಒಳಬಿಡುವುದರಿಂದ ಅಷ್ಟಿಷ್ಟು ಬಣ್ಣವ್ಯತ್ಯಾಸ ಉಳಿದಿರುತ್ತದೆ, ಅದನ್ನೇ ಹಿಗ್ಗಿಸುತ್ತೇವೆ. 850 ನ್ಯಾನೋಮೀಟರ್ ದಾಟಿದರೆ ಮೂರೂ ಸರಿಸುಮಾರು ಸಮ, ಆಗ ಕಪ್ಪುಬಿಳುಪು ಮಾತ್ರ. ನನ್ನ ಒಲವು ಕಪ್ಪುಬಿಳುಪಿನ ಕಡೆಗೇ. ಬೋಳು ಬಂಡೆ, ಒಂಟಿ ಮರ, ಮೋಡ ಇವಿಷ್ಟೇ ಇರುವ ನಮ್ಮ ಬಯಲುಸೀಮೆಗೆ ಅದು ಒಪ್ಪುವಷ್ಟು ಸಕ್ಕರೆ ನೀಲಿ ಒಪ್ಪುವುದಿಲ್ಲ. ಕನಿಷ್ಠ ಮೊದಲ ವರ್ಷವಾದರೂ ಬಣ್ಣದ ಗೋಜಿಗೆ ಹೋಗದೆ ಕಪ್ಪುಬಿಳುಪಿನಲ್ಲಿ ಕಣ್ಣು ಪಳಗಿಸಿಕೊಳ್ಳಿ.

ಎಲೆ ಏಕೆ ಬೆಳ್ಳಗಾಗುತ್ತದೆ ಎಂಬುದು ತಿಳಿದಿದ್ದರೆ ಯಾವುದರ ಮುಂದೆ ಟ್ರೈಪಾಡ್ ಹೂಡಬೇಕೆಂಬುದೂ ತಿಳಿಯುತ್ತದೆ. ಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತದೆ, ಅವಕೆಂಪಿಗೆ ಅದು ಪಾರದರ್ಶಕ. ಅದನ್ನು ದಾಟಿದ ಕಿರಣ ಎಲೆಯೊಳಗಿನ ಸ್ಪಂಜಿನಂಥ ಪದರದಲ್ಲಿ, ಕೋಶಕ್ಕೂ ಗಾಳಿಗೂ ನಡುವಿನ ಅಸಂಖ್ಯ ಗಡಿಗಳಲ್ಲಿ ಚದುರಿ ಹೊರಗೆ ಬರುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದಾಗಿನಿಂದ ಈ ಪರಿಣಾಮಕ್ಕೆ ಅವರದೇ ಹೆಸರು. 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹ ಬೆಳೆ, ಕಾಡುಗಳನ್ನು ಗುರುತಿಸಿದ್ದೂ ಎಲೆಯ ಇದೇ ಗುಣದಿಂದ. ಉಪಗ್ರಹ ಚಿತ್ರಗಳಲ್ಲಿ ಕಾಡು ಕೆಂಪಾಗಿ ಕಾಣುವುದು ಅವಕೆಂಪಿಗೆ ಕೆಂಪು ಬಣ್ಣ ಕೊಟ್ಟಿರುವುದರಿಂದ.

ಹಾಗಾದರೆ ನಮ್ಮ ಕಡೆ ಏನನ್ನು ತೆಗೆಯಬೇಕು? ಬಂಡೆ ಮತ್ತು ಹಸಿರು ಒಟ್ಟಿಗೆ ಇರುವಲ್ಲಿಗೆ ಹೋಗಿ. ಗ್ರಾನೈಟ್ ಅವಕೆಂಪಿನಲ್ಲೂ ಬೂದು ಬಣ್ಣವನ್ನು ಬಿಡುವುದಿಲ್ಲ. ಮಳೆ ನಿಂತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಿಂದ ನೋಡಿದರೆ ಬೆಳ್ಳನೆಯ ರಾಗಿ ಹೊಲ, ಅದರ ಮೇಲೆ ಬೂದು ಬಂಡೆ, ಅದರ ಮೇಲೆ ಕಪ್ಪಿಗೆ ಹತ್ತಿರವಾದ ಆಕಾಶ, ಹೀಗೆ ಮೂರು ಪಟ್ಟಿಗಳು ತಾವಾಗಿಯೇ ಬಂದು ನಿಲ್ಲುತ್ತವೆ. ಕೋಲಾರದ ಅಂತರಗಂಗೆಯಲ್ಲಿ ಬಂಡೆಗಳ ಸಂದಿಯಿಂದ ಹೊರಟ ಗಿಡಗಳು ದೀಪ ಹಚ್ಚಿದಂತೆ ಬೆಳಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ಹೊಲಗಳಿಗೆ ಹೋದರೆ ನಿರಾಸೆ. ನಮ್ಮ ಕೆಂಪು ಮಣ್ಣು ಅವಕೆಂಪಿನಲ್ಲಿ ತಕ್ಕಮಟ್ಟಿಗೆ ತಿಳಿಯಾಗಿಯೇ ಕಾಣುತ್ತದೆ, ಒಣಹುಲ್ಲಿಗೂ ಅದಕ್ಕೂ ಭೇದ ಉಳಿಯುವುದಿಲ್ಲ. ಆಗ ಹೊಸ ಚಿಗುರಿನ ಹೊಂಗೆ, ಕಪ್ಪು ತೊಗಟೆಯ ಹುಣಸೆ, ಶ್ರೀನಿವಾಸಪುರದ ಮಾವಿನ ತೋಪು ಇಂಥವನ್ನು ಹುಡುಕಿ.

ನೀರು ಅವಕೆಂಪನ್ನು ಹೀರುತ್ತದೆ, ಆಕಾಶವೂ ಕಪ್ಪಾಗಿರುವುದರಿಂದ ಅಲ್ಲಿಂದ ಪ್ರತಿಫಲಿಸಲು ಏನೂ ಇರುವುದಿಲ್ಲ. ಕೆರೆ ಕಾಡಿಗೆಯಂತೆ ಕಾಣುತ್ತದೆ, ಅದರಲ್ಲಿ ಮೋಡಗಳು ಮಾತ್ರ ಬೆಳ್ಳಗೆ ತೇಲುತ್ತವೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ನೀರು ಹರಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ, ನಿಮಗೆ ವಸ್ತುವಿಗೆ ಬರವಿಲ್ಲ. ಆದರೆ ಕಳೆ ಮುಚ್ಚಿದ ಕೆರೆ ಚಿತ್ರದಲ್ಲಿ ಬಿಳಿ ಮೈದಾನವಾಗಿಬಿಡುತ್ತದೆ, ಕೆರೆ ಎಂದೇ ತಿಳಿಯುವುದಿಲ್ಲ. ಹೂವಿನ ತೋಟವನ್ನು ನೆಚ್ಚಬೇಡಿ. ಗುಲಾಬಿ, ಚೆಂಡುಹೂ, ಸೇವಂತಿಗೆ ಯಾವ ಬಣ್ಣದ್ದಾದರೂ ಎಲೆಯಂತೆಯೇ ಬೆಳ್ಳಗಾಗಿ, ಎಲೆಯಲ್ಲಿ ಕಲೆತುಹೋಗುತ್ತದೆ. ಅದೇ ಗುಣ ದ್ರಾಕ್ಷಿಯಲ್ಲಿ ಬೇರೆಯೇ ಸೊಗಸು ಕೊಡುತ್ತದೆ. ನಿಮ್ಮ ಜಿಲ್ಲೆಯಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ಒಂದು ಗೊಂಚಲನ್ನು ಬಿಸಿಲಿನಲ್ಲಿ ಹತ್ತಿರದಿಂದ ತೆಗೆಯಿರಿ. ಸಿಪ್ಪೆಯ ಕಡುನೇರಳೆ ಬಣ್ಣದ್ರವ್ಯ ಅವಕೆಂಪನ್ನು ತಡೆಯುವುದಿಲ್ಲ. ಕಪ್ಪಗಿದ್ದ ಹಣ್ಣು ತಿಳಿಬೂದಾಗಿ ಬರುತ್ತದೆ, ಎಲೆ ಯಾವುದು ಹಣ್ಣು ಯಾವುದು ಎಂಬುದನ್ನು ಆಗ ಆಕಾರ ಮತ್ತು ನೆರಳು ಹೇಳಬೇಕಾಗುತ್ತದೆ. ಬೆಳಕು ಬೀಳುವ ದಿಕ್ಕಿನ ಬಗ್ಗೆ ಈ ಒಂದು ಗೊಂಚಲು ಕಲಿಸುವಷ್ಟನ್ನು ಬೆಟ್ಟದ ದೃಶ್ಯಗಳು ಕಲಿಸಲಾರವು.

ಮಂಜಿಗೂ ಮಬ್ಬಿಗೂ ಭೇದವಿದೆ. ಬೇಸಿಗೆಯಲ್ಲಿ ನಂದಿಯ ಮೇಲಿನಿಂದ ನೋಡಿದಾಗ ಸ್ಕಂದಗಿರಿಯನ್ನು ಮಸುಕಾಗಿಸುವುದು ಒಣ ಮಬ್ಬು, ಗಾಳಿಯ ಅಣುಗಳು ಮತ್ತು ತೀರ ಸಣ್ಣ ಕಣಗಳು ಚದುರಿಸುವ ಬೆಳಕು. ಗಾಳಿಯ ಅಣುಗಳು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. 800 ನ್ಯಾನೋಮೀಟರಿನ ಅವಕೆಂಪು 450ರ ನೀಲಿಗಿಂತ ಸುಮಾರು ಹತ್ತು ಪಟ್ಟು ಕಡಿಮೆ ಚದುರುತ್ತದೆ. ದೂರದ ಬೆಟ್ಟ ಗೆರೆ ಕೊರೆದಂತೆ ಕಾಣುವುದೂ, ಆಕಾಶ ಕಪ್ಪಾಗುವುದೂ ಇದರಿಂದಲೇ. ನೀವು ಹೋದ ಬೆಳಿಗ್ಗೆ 1478 ಮೀಟರ್ ಎತ್ತರದ ಆ ಬೆಟ್ಟವನ್ನು ಮುಚ್ಚಿದ್ದು ಮೋಡ, ಅಂದರೆ ನೀರಿನ ಹನಿಗಳು. ಅವು ಅವಕೆಂಪಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ. ಮೋಡ ಬೆಳ್ಳಗಿರುವುದೂ ಅದಕ್ಕೇ, ಫಿಲ್ಟರ್ ಸೋತದ್ದೂ ಅದಕ್ಕೇ. ಮೋಡ ಚೆದುರಿ ಬಿಸಿಲು ಬಲಿತ ಮೇಲೆ ಅದೇ ಜಾಗದಲ್ಲಿ ನಿಂತು ತೆಗೆದು ನೋಡಿ.

ಮೊಬೈಲ್ ಆ್ಯಪ್‌ನ ವಿಷಯ ಬೇಗ ಮುಗಿಸುತ್ತೇನೆ. ಅದು ಹಸಿರನ್ನು ಹುಡುಕಿ ಬಿಳಿ ಬಳಿಯುತ್ತದೆ ಅಷ್ಟೆ. ಹಸಿರು ಬಣ್ಣ ಬಳಿದ ಗೇಟೂ ಅದರಲ್ಲಿ ಬೆಳ್ಳಗಾಗುತ್ತದೆ. ಅವಕೆಂಪು ಅಲ್ಲಿ ಒಂದು ಕಿರಣವೂ ದಾಖಲಾಗಿರುವುದಿಲ್ಲ.

ಕ್ಯಾಮೆರಾ ಬದಲಾಯಿಸುವುದು ಯಾವಾಗ? ಅರ್ಧ ನಿಮಿಷದ ಎಕ್ಸ್‌ಪೋಷರ್ ನಿಮ್ಮ ಕೈ ಕಟ್ಟುತ್ತಿದೆ ಎಂದು ನಿಜವಾಗಿ ಅನಿಸಿದಾಗ. ತಿಪಟೂರಿನ ತೆಂಗಿನ ಗರಿ, ನೀಲಗಿರಿಯ ಎಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಕೇಳಬೇಕು. ಜನರ ಮುಖವನ್ನಂತೂ ಹೀಗೆ ತೆಗೆಯಲಾಗದು. ಒಳಗಿನ ತಡೆಗಾಜನ್ನು ತೆಗೆಸಿದ ಕ್ಯಾಮೆರಾ ಬಿಸಿಲಿನಲ್ಲಿ ಸಾಮಾನ್ಯ ವೇಗದಲ್ಲೇ, ಕೈಯಲ್ಲಿ ಹಿಡಿದೇ ತೆಗೆಯುತ್ತದೆ. ಆದರೆ ಅದು ಮತ್ತೆ ಮದುವೆ ಮನೆಯ ಚಿತ್ರಕ್ಕೆ ಬಾರದು. ಹಾಗಾಗಿ ಇರುವ ಒಂದೇ ಕ್ಯಾಮೆರಾವನ್ನು ಬಿಚ್ಚಿಸಬೇಡಿ, ಎರಡನೆಯದು ಬಂದ ಮೇಲೆ ಹಳೆಯದನ್ನು ಒಪ್ಪಿಸಿ.

ಆಗ ಒಂದು ಆಯ್ಕೆ ಮಾಡಬೇಕಾಗುತ್ತದೆ. ಡಿಎಸ್‌ಎಲ್‌ಆರ್ ಆದರೆ ಸೆನ್ಸರಿನ ಮೇಲೆಯೇ 720 ಗಾಜನ್ನು ಕೂರಿಸಿ. ಲೆನ್ಸಿನ ಮುಂದೆ ಏನೂ ಇಲ್ಲದ್ದರಿಂದ ವ್ಯೂಫೈಂಡರ್ ಎಂದಿನಂತೆ ಕಾಣುತ್ತದೆ. ಎಂದಾದರೂ ಕಪ್ಪು ಆಕಾಶ ಬೇಕೆನಿಸಿದರೆ ಲೆನ್ಸಿಗೆ 850 ಫಿಲ್ಟರ್ ಹಾಕಬಹುದು. ಒಳಗೇ 850 ಕೂರಿಸಿಬಿಟ್ಟರೆ 720ಕ್ಕೆ ಹಿಂದಿರುಗುವ ದಾರಿಯಿಲ್ಲ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೆ ಪಾರದರ್ಶಕ ಗಾಜು ಹಾಕಿಸಿ ಪೂರ್ಣ ವರ್ಣಪಟಲಕ್ಕೆ ತೆರೆದಿಟ್ಟು, ಬೇಕಾದ ಫಿಲ್ಟರನ್ನು ಲೆನ್ಸಿಗೆ ಹಾಕುವುದು ಮೇಲು. ಅದರ ಪರದೆ ಸೆನ್ಸರ್ ಕಂಡದ್ದನ್ನೇ ತೋರಿಸುತ್ತದೆ, ಫೋಕಸ್ ಮಾಡುವುದೂ ಸೆನ್ಸರಿನಿಂದಲೇ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಬೇರೆ ಸಂವೇದಕದಿಂದ ನಡೆಯುವುದರಿಂದ, ಗಾಜು ಬದಲಿಸಿದವರು ಅದನ್ನು ಅವಕೆಂಪಿಗೆ ಹೊಂದಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಹೊಸ ಗಾಜಿನ ದಪ್ಪ ಹಳೆಯದಕ್ಕೆ ಹೊಂದದಿದ್ದರೂ ಫೋಕಸ್ ಕೆಡುತ್ತದೆ. ವೀಡಿಯೊ ನೋಡಿಕೊಂಡು ನೀವೇ ಬಿಚ್ಚಲು ಹೋಗಬೇಡಿ. ಒಳಗೆ ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ.

ನಿಮ್ಮ ಫಿಲ್ಟರ್ ನಿಜಕ್ಕೂ 720ರದೇ ಎಂಬ ಸಂದೇಹವಿದ್ದರೆ ಅದರ ಮೂಲಕ ಮನೆಯ ಎಲ್‌ಇಡಿ ಬಲ್ಬನ್ನು ನೋಡಿ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ 700ರ ಆಚೆಗಿನದು ಅತ್ಯಲ್ಪ. ಬಲ್ಬು ಮಂಕಾಗಿ ಕಂಡೂ ಕಾಣದಂತಿರಬೇಕು. ಢಾಳಾಗಿ ಕೆಂಪಾಗಿ ಬೆಳಗಿದರೆ ಡಬ್ಬಿಯ ಮೇಲಿನ ಅಂಕಿ ನಂಬತಕ್ಕದ್ದಲ್ಲ. ಆದರೆ ಯಾವ ಕಾರಣಕ್ಕೂ ಅದನ್ನು ಕಣ್ಣಿಗೆ ಹಿಡಿದು ಸೂರ್ಯನ ಕಡೆ ನೋಡಬೇಡಿ, ಗ್ರಹಣದ ದಿನವಂತೂ ಬೇಡವೇ ಬೇಡ. ಕಾಣುವ ಬೆಳಕು ಇಲ್ಲದ್ದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ, ಅವಕೆಂಪು ಪೂರ್ತಿ ಒಳಹೋಗಿ ಅಕ್ಷಿಪಟಲವನ್ನು ಸುಡುತ್ತದೆ, ಸುಟ್ಟದ್ದು ನೋವಿನಿಂದ ತಿಳಿಯುವುದೂ ಇಲ್ಲ.

ಮುಂದಿನ ಪತ್ರದಲ್ಲಿ ಕ್ಯಾಮೆರಾದ ಮತ್ತು ಲೆನ್ಸಿನ ಪೂರ್ತಿ ಮಾದರಿ ಹೆಸರು ಬರೆಯಿರಿ. ಜೊತೆಗೆ ನಡುಹಗಲಿನಲ್ಲಿ ಒಂದೇ ಮರವನ್ನು ಎಫ್/5.6, ಎಫ್/8, ಎಫ್/11ರಲ್ಲಿ, ಕಿಂಡಿ ಮುಚ್ಚಿಕೊಂಡು ತೆಗೆದ ಮೂರು ರಾ ಕಡತಗಳನ್ನು ಕಳುಹಿಸಿ. ಮಚ್ಚೆ ಎಲ್ಲಿಂದ ಬಂತು, ಎಷ್ಟು ಬೆಳಕು ಸಾಲದಾಗಿದೆ, ಫೋಕಸ್ ಯಾವ ಕಡೆ ಸರಿಯಬೇಕು ಎಂಬ ಮೂರನ್ನೂ ಅವುಗಳಿಂದಲೇ ಹೇಳಬಹುದು.